ತಾನೇ ತಿರುಗುವ ಚಕ್ರ, ಜೇಡಿಮಣ್ಣಿನ ಗುಳಿ

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಒಂದು ಚಕ್ರ ಬರುತ್ತದೆ. ಹಗುರ ಮರದ ಚಕ್ರ. ಕಡ್ಡಿಗಳ ಜಾಗದಲ್ಲಿ ಟೊಳ್ಳು ಕೊಳವೆಗಳು. ಎಲ್ಲವೂ ಒಂದೇ ಅಳತೆ, ಎಲ್ಲವೂ ಒಂದೇ ಕಡೆಗೆ ಓರೆ. ಪ್ರತಿ ಕೊಳವೆಗೂ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಬೇಕು. ಹಾಗೆ ಮಾಡಿ ಅಚ್ಚಿನ ಮೇಲೆ ಕೂರಿಸಿದರೆ ಚಕ್ರ ತಾನಾಗಿಯೇ ತಿರುಗುತ್ತದೆ ಎನ್ನುತ್ತಾರೆ ಅವರು. ಐನೂರು ವರ್ಷ ಮೊದಲೇ, 628ರಲ್ಲಿ, ಬ್ರಹ್ಮಗುಪ್ತರೂ ಇಂಥದೇ ಪಾದರಸದ ಚಕ್ರವನ್ನು ವರ್ಣಿಸಿದ್ದರು.

ಈ ಚಕ್ರ ಈಗ ವಾಟ್ಸಾಪ್ ಏರಿದೆ. ನಮ್ಮ ಪೂರ್ವಿಕರು ಉಚಿತ ವಿದ್ಯುತ್ ಕಂಡುಹಿಡಿದಿದ್ದರಂತೆ, ಬೇರೆಯವರು ಅದನ್ನು ಮುಚ್ಚಿಟ್ಟರಂತೆ. ಭಾಸ್ಕರರು ನಮ್ಮ ವಿಜಯಪುರದವರು ಎಂದು ನಾವು ಹೇಳುತ್ತೇವೆ, ಮಹಾರಾಷ್ಟ್ರದವರು ಬೇರೆ ಊರು ತೋರಿಸುತ್ತಾರೆ. ಆ ಜಗಳ ಹಾಗಿರಲಿ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಮತ್ತೊಂದು ಪೂರ್ಣ ವರ್ಗ ಬರಬೇಕು, ಅಂಥ ಸಂಖ್ಯೆ ಯಾವುದು ಎಂಬ ಲೆಕ್ಕವನ್ನು ಅವರು ಬಿಡಿಸಿದ್ದರು. ಉತ್ತರ 22,61,53,980. ಅದಕ್ಕಿಂತ ಚಿಕ್ಕ ಉತ್ತರವೇ ಇಲ್ಲ. ಐನೂರು ವರ್ಷದ ನಂತರ, 1657ರಲ್ಲಿ, ಫ್ರಾನ್ಸಿನ ಫೆರ್ಮಾ ಇದೇ ಲೆಕ್ಕವನ್ನು ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟ. ಹೆಮ್ಮೆ ಪಡಬೇಕೆಂದರೆ ಇದಕ್ಕೆ ಪಡಿ. ತಿರುಗದ ಚಕ್ರವನ್ನು ಹೊತ್ತು ಮೆರೆಸುವ ಅಗತ್ಯ ಏನಿದೆ?

ತಿರುಗುವುದಿಲ್ಲ ಎಂದು ಇಷ್ಟು ಖಂಡಿತವಾಗಿ ಹೇಗೆ ಹೇಳುವುದು? ಚಕ್ರದ ಆಸೆ ಹುಟ್ಟುವುದೇ ಒಂದು ನಿಜವಾದ ಸಂಗತಿಯಿಂದ. ತೂಕ ಅಚ್ಚಿನಿಂದ ದೂರ ಇದ್ದಷ್ಟೂ ಅದರ ತಿರುಗಿಸುವ ಬಲ, ಅಂದರೆ ಟಾರ್ಕ್, ಜಾಸ್ತಿ. ಕೊಳವೆಗಳು ಓರೆ ಇರುವುದರಿಂದ ಇಳಿಯುವ ಕಡೆ ಪಾದರಸ ಅಂಚಿಗೆ ಓಡುತ್ತದೆ, ಏರುವ ಕಡೆ ಅಚ್ಚಿನ ಹತ್ತಿರ ಸರಿಯುತ್ತದೆ. ಹಾಗಾದರೆ ಇಳಿಯುವ ಕಡೆಯೇ ಗೆಲ್ಲಬೇಕು, ಅಲ್ವಾ? ಇಲ್ಲ. ಇಲ್ಲಿ ಎಲ್ಲರೂ ದೂರವನ್ನು ನೋಡುತ್ತಾರೆ, ಎಣಿಕೆ ಮರೆಯುತ್ತಾರೆ. ಯಾವ ಕ್ಷಣದಲ್ಲಿ ಚಕ್ರ ನಿಲ್ಲಿಸಿ ನೋಡಿದರೂ ದೂರ ಹೋದ ತೂಕಗಳು ಕಡಿಮೆ, ಹತ್ತಿರ ಉಳಿದ ತೂಕಗಳು ಹೆಚ್ಚು. ಒಂದೊಂದರ ಟಾರ್ಕನ್ನೂ ಕೂಡಿಸಿದರೆ ಎರಡು ಕಡೆಯೂ ಹೆಚ್ಚುಕಡಿಮೆ ಸರಿಸಮ. ಚಕ್ರ ಒಂದಿಷ್ಟು ತೂಗಾಡುತ್ತದೆ. ಒಟ್ಟು ತೂಕದ ಕೇಂದ್ರ ಅಚ್ಚಿನ ನೇರ ಕೆಳಗೆ ಬಂದಾಗ ನಿಲ್ಲುತ್ತದೆ.

ಹೀಗೆ ಪ್ರತಿ ನಕ್ಷೆಗೂ ಕೂತು ಎಣಿಸುವುದು ತಲೆನೋವು. ಎಲ್ಲ ನಕ್ಷೆಗಳಿಗೂ ಒಟ್ಟಿಗೆ ಉತ್ತರ ಕೊಡುವ ದಾರಿಯೊಂದಿದೆ. ಚಕ್ರ ಒಂದು ಪೂರ್ತಿ ಸುತ್ತು ಬಂದಿತು ಎಂದುಕೊಳ್ಳಿ. ಪಾದರಸದ ಪ್ರತಿ ಹನಿಯೂ ಮೊದಲಿದ್ದ ಎತ್ತರಕ್ಕೇ ಮರಳಿದೆ. ಒಂದು ಕಿಲೋ ಪಾದರಸ ಒಂದು ಮೀಟರ್ ಇಳಿದರೆ ಭೂಮಿ ಕೊಡುವುದು 9.8 ಜೂಲ್ ಶಕ್ತಿ. ಅದನ್ನೇ ಒಂದು ಮೀಟರ್ ಏರಿಸಲು ಕೇಳುವುದೂ 9.8 ಜೂಲ್. ನೇರ ಇಳಿಯಲಿ, ವಕ್ರವಾಗಿ ಇಳಿಯಲಿ, ಅಚ್ಚಿನ ಹತ್ತಿರವೇ ಏರಲಿ, ದೂರದಲ್ಲಿ ಏರಲಿ. ಭೂಮಿ ದಾರಿ ಕೇಳುವುದಿಲ್ಲ, ಎತ್ತರ ಮಾತ್ರ ನೋಡುತ್ತದೆ. ಒಂದು ಸುತ್ತಿಗೆ ಉಳಿತಾಯ ಸೊನ್ನೆ. ಆ ಸೊನ್ನೆಯಲ್ಲೇ ಅಚ್ಚಿನ ಉಜ್ಜಾಟ, ಗಾಳಿಯ ತಡೆ, ಪಾದರಸದ ಕುಲುಕಾಟ ಎಲ್ಲಕ್ಕೂ ಶಕ್ತಿ ಕೊಡಬೇಕು. ಎಲ್ಲಿಂದ ತರುವುದು? ಆಯಸ್ಕಾಂತ ಅಂಟಿಸಿದ ಚಕ್ರಗಳ ಹಣೆಬರಹವೂ ಇಷ್ಟೇ. ಬರುವಾಗ ಎಷ್ಟು ಎಳೆಯಿತೋ ಹೋಗುವಾಗ ಅಷ್ಟೇ ಹಿಡಿದುಕೊಳ್ಳುತ್ತದೆ.

ಈ ಆಸೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 13ನೇ ಶತಮಾನದ ಫ್ರಾನ್ಸಿನಲ್ಲಿ ವಿಲಾರ್ ದ ಒನ್‌ಕೂರ್ ಪಾದರಸದ ಬದಲು ಸುತ್ತಿಗೆಗಳನ್ನು ನೇತುಹಾಕಿದ ಚಕ್ರ ಬರೆದ. ಲಿಯೊನಾರ್ಡೊ ಡ ವಿಂಚಿ ಇಂಥ ಚಿತ್ರಗಳನ್ನು ರಾಶಿ ಬರೆದು, ಕೊನೆಗೆ ಇದರ ಹಿಂದೆ ಬಿದ್ದವರನ್ನು ಚಿನ್ನ ಮಾಡಲು ಹೊರಟವರ ಸಾಲಿಗೆ ಸೇರಿಸಿ ಬೈದ.

ನನಗೆ ಎಲ್ಲರಿಗಿಂತ ಇಷ್ಟ ಸೈಮನ್ ಸ್ಟೆವಿನ್. 1586ರಲ್ಲಿ ಫ್ಲಾಂಡರ್ಸ್‌ನ, ಅಂದರೆ ಇಂದಿನ ಬೆಲ್ಜಿಯಂ ಕಡೆಯ, ಈ ಗಣಿತಜ್ಞ ಇಡೀ ವಿಷಯವನ್ನೇ ತಿರುವಿ ಹಾಕಿದ. ತ್ರಿಕೋನದ ಒಂದು ದಿಮ್ಮಿ. ಒಂದು ಕಡೆ ಇಳಿಜಾರು ಚಿಕ್ಕದು, ಇನ್ನೊಂದು ಕಡೆ ಅದರ ಎರಡರಷ್ಟು ಉದ್ದ. ಮೇಲೆ 14 ಗುಂಡುಗಳ ಸರ ಹಾಕಿದ್ದಾನೆ. ಉದ್ದ ಇಳಿಜಾರಿನಲ್ಲಿ 4 ಗುಂಡು, ಗಿಡ್ಡದರಲ್ಲಿ 2, ಉಳಿದ 8 ಕೆಳಗೆ ಜೋಲಾಡುತ್ತಿವೆ. ನಾಲ್ಕು ಎರಡನ್ನು ಎಳೆದುಕೊಂಡು ಹೋಗುತ್ತವೆಯೇ? ಹೋದರೆ ಏನಾಗುತ್ತದೆ ನೋಡಿ. ಒಂದು ಗುಂಡು ಕೆಳಗಿಳಿದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಮೊದಲಿನ ಸ್ಥಿತಿಯೇ ಮತ್ತೆ. ಅಂದರೆ ಸರ ಎಂದೆಂದಿಗೂ ಸುತ್ತುತ್ತಲೇ ಇರಬೇಕು. ಅದು ಅಸಂಬದ್ಧ, ಆದ್ದರಿಂದ ಸರ ಅಲುಗುವುದಿಲ್ಲ ಎಂದ ಸ್ಟೆವಿನ್. ಸರ ಅಲುಗದಿದ್ದರೆ ಇಳಿಜಾರಿನಲ್ಲಿ ತೂಕ ಎಷ್ಟು ಎಳೆಯುತ್ತದೆ ಎಂಬ ನಿಯಮ ತಾನಾಗಿ ಸಿಕ್ಕಿಬಿಡುತ್ತದೆ. ಎತ್ತರ ಅಷ್ಟೇ ಇದ್ದು ಇಳಿಜಾರು ಎರಡು ಪಟ್ಟು ಉದ್ದವಾದರೆ ಎಳೆತ ಅರ್ಧ. ಅದಕ್ಕೆ ಅವನು ಒಂದು ಪ್ರಯೋಗವನ್ನೂ ಮಾಡಬೇಕಾಗಲಿಲ್ಲ. ಜನ ಸಾಧಿಸಲು ಹೊರಟ ಅಸಾಧ್ಯವನ್ನೇ ಅವನು ಉಪಕರಣ ಮಾಡಿಕೊಂಡ.

ಆದರೆ ಜರ್ಮನಿಯಲ್ಲಿ ಒಂದು ಚಕ್ರ ನಿಜಕ್ಕೂ ತಿರುಗಿತು. ಯೋಹಾನ್ ಬೆಸ್ಲರ್ ಎಂಬಾತ 1717ರಲ್ಲಿ ಕಾಸೆಲ್ ಬಳಿಯ ಅರಮನೆಯೊಂದರಲ್ಲಿ 12 ಅಡಿ ಅಗಲದ ಚಕ್ರ ನಿಲ್ಲಿಸಿದ. ಮೇಲೆ ಬಟ್ಟೆ ಹೊದಿಸಿತ್ತು, ಒಳಗೇನಿದೆ ಯಾರಿಗೂ ಕಾಣದು. ಕೋಣೆಗೆ ಬೀಗ ಹಾಕಿ ಮುದ್ರೆ ಒತ್ತಿದರು. 54 ದಿನ ಬಿಟ್ಟು ತೆಗೆದಾಗಲೂ ಅದು ಸುತ್ತುತ್ತಲೇ ಇತ್ತಂತೆ. ನಿಮಿಷಕ್ಕೆ ಸುಮಾರು 26 ಸುತ್ತು.

ಒಮ್ಮೆ ತಳ್ಳಿಬಿಟ್ಟ ವೇಗವೇ ಉಳಿದಿತ್ತೇ ಎಂದು ಲೆಕ್ಕ ಹಾಕೋಣ. ಚಕ್ರ 300 ಕಿಲೋ ಇತ್ತು, ಅಷ್ಟೂ ತೂಕ ಅಂಚಿನಲ್ಲೇ ಇತ್ತು ಎಂದು ಧಾರಾಳವಾಗಿ ಒಪ್ಪಿದರೂ ಆ ವೇಗದಲ್ಲಿ ಅದರೊಳಗಿನ ಶಕ್ತಿ ಸುಮಾರು 3,700 ಜೂಲ್. ನಮ್ಮ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಏಳು ನಿಮಿಷ ಕೂಡ ಉರಿಯದು. 54 ದಿನ ಉಜ್ಜಾಟದ ವಿರುದ್ಧ ಸುತ್ತಲು ಇಷ್ಟು ಯಾವ ಮೂಲೆಗೂ ಸಾಲದು. ಎಲ್ಲಿಂದಲೋ ಶಕ್ತಿ ಬರುತ್ತಲೇ ಇತ್ತು. 1727ರಲ್ಲಿ ಬೆಸ್ಲರನ ಮನೆಗೆಲಸದವಳು, ಪಕ್ಕದ ಕೋಣೆಯಿಂದ ನಾವೇ ತಿರುಗಿಸುತ್ತಿದ್ದೆವು ಎಂದು ಹೇಳಿಕೆ ಕೊಟ್ಟಳು. ಅವಳ ಮಾತನ್ನು ನಂಬದವರು ಇಂದಿಗೂ ಇದ್ದಾರೆ. ನಾನು ನಂಬುತ್ತೇನೆ.

ಇಲ್ಲಿ ಕತೆಗೆ ಬರುವವನು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಲೆಮ್ ಗ್ರಾವೆಸಾಂಡೆ. 1721ರಲ್ಲಿ ಅವನು ಚಕ್ರವನ್ನು ಪರೀಕ್ಷಿಸಿದ, ಅಚ್ಚನ್ನೂ ನೋಡಿದ. ಹೊರಗಿನಿಂದ ಬಲ ಬರುವಂತೆ ಏನೂ ಕಾಣಲಿಲ್ಲ. ಹಾಗೆಂದು ನ್ಯೂಟನ್‌ಗೆ ಕಾಗದ ಬರೆದ. ದುಡ್ಡು ಕೊಡದೆ ಗುಟ್ಟು ಕದಿಯಲು ಬಂದಿದ್ದಾನೆ ಎಂದು ಬೆಸ್ಲರ್ ಸಿಟ್ಟಿಗೆದ್ದು ಚಕ್ರವನ್ನೇ ಒಡೆದುಹಾಕಿದ.

ಇಷ್ಟು ತಿಳಿದ ಮನುಷ್ಯ ಹೇಗೆ ಮರುಳಾದ ಎಂದು ನಗುವುದು ಸುಲಭ. ಆಗ ಚಲನೆಯನ್ನು ಅಳೆಯುವುದು ಹೇಗೆ ಎಂಬುದೇ ತೀರ್ಮಾನ ಆಗಿರಲಿಲ್ಲ. ಫ್ರಾನ್ಸಿನ ತತ್ವಜ್ಞಾನಿ ಡೇಕಾರ್ಟ್‌ನ ಅನುಯಾಯಿಗಳು ತೂಕವನ್ನು ವೇಗದಿಂದ ಗುಣಿಸಬೇಕು ಎನ್ನುತ್ತಿದ್ದರು. ದಿಕ್ಕನ್ನೂ ಲೆಕ್ಕಕ್ಕೆ ಹಿಡಿದರೆ ಅದೇ ನಮ್ಮ ಶಾಲೆಯ ಸಂವೇಗ. ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್ 1686ರಲ್ಲೇ ತಕರಾರು ತೆಗೆದಿದ್ದ. ಗುಣಿಸಬೇಕಾದದ್ದು ವೇಗದ ವರ್ಗದಿಂದ ಎಂದ. ಅದರ ಅರ್ಧವೇ ಇಂದಿನ ಚಲನಶಕ್ತಿ.

ಲೈಬ್‌ನಿಟ್ಸ್ ತಕರಾರಿನ ರುಚಿ ಅಂಕಿಗಳಲ್ಲಿ ಸಿಗುತ್ತದೆ. 4 ಕಿಲೋ ಗುಂಡೊಂದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರುತ್ತಿದೆ. ಅದು ತನ್ನ ಚಲನೆಯನ್ನೆಲ್ಲ 1 ಕಿಲೋ ಗುಂಡಿಗೆ ದಾಟಿಸಿತು ಎಂದುಕೊಳ್ಳಿ. ಸಂವೇಗವೊಂದೇ ಲೆಕ್ಕವಾದರೆ ಚಿಕ್ಕ ಗುಂಡಿಗೆ 4 ಮೀಟರ್ ವೇಗ ಬರಬೇಕು, ನಾಲ್ಕೊಂದ್ಲ ನಾಲ್ಕು. ಈಗ ಎರಡನ್ನೂ ಇಳಿಜಾರು ಹತ್ತಿಸಿ. ದೊಡ್ಡದು ತನ್ನ ವೇಗಕ್ಕೆ ಸುಮಾರು 5 ಸೆಂಟಿಮೀಟರ್ ಏರುತ್ತಿತ್ತು. ಚಿಕ್ಕದು ಸುಮಾರು 80 ಸೆಂಟಿಮೀಟರ್ ಏರುತ್ತದೆ. ನಾಲ್ಕು ಕಿಲೋವನ್ನು 5 ಸೆಂಟಿಮೀಟರ್ ಎತ್ತುವ ಶಕ್ತಿ ಹಾಕಿ, ಒಂದು ಕಿಲೋವನ್ನು 80 ಸೆಂಟಿಮೀಟರ್ ಎತ್ತಿಸಿಕೊಂಡೆವು. 20 ಕೊಟ್ಟು 80 ಪಡೆದಂತಾಯಿತು! ಇದು ನಿಜವಾದರೆ ಭಾಸ್ಕರರ ಚಕ್ರವೂ ತಿರುಗುತ್ತದೆ, ಬೆಸ್ಲರನದೂ ತಿರುಗುತ್ತದೆ. ಸಂವೇಗವನ್ನೇ ನಂಬಿದ್ದ ಗ್ರಾವೆಸಾಂಡೆಗೆ ಚಕ್ರ ಅಸಾಧ್ಯ ಅನ್ನಿಸದಿದ್ದುದು ಸಹಜವೇ.

1722ರಲ್ಲಿ ಅವನು ಮೆತ್ತನೆಯ ಜೇಡಿಮಣ್ಣು ಹರಡಿ ಹಿತ್ತಾಳೆ ಗುಂಡುಗಳನ್ನು ಬೀಳಿಸಿದ. ಗಾತ್ರ ಒಂದೇ, ತೂಕ ಬೇರೆ ಬೇರೆ. ಸಮನಾದ ಗುಳಿ ಬೀಳಬೇಕಾದರೆ ತೂಕ ಮತ್ತು ಎತ್ತರದ ಗುಣಲಬ್ಧ ಸಮ ಇರಬೇಕು ಎಂದು ಮಣ್ಣು ಹೇಳಿತು. ಮೂರರಷ್ಟು ತೂಕದ ಗುಂಡನ್ನು ಒಂದಡಿಯಿಂದ ಬಿಟ್ಟರೂ, ಒಂದರಷ್ಟು ತೂಕದ್ದನ್ನು ಮೂರಡಿಯಿಂದ ಬಿಟ್ಟರೂ ಒಂದೇ ಗುಳಿ. ಎತ್ತರ ಹೆಚ್ಚುವುದು ವೇಗದ ವರ್ಗದ ಲೆಕ್ಕದಲ್ಲಿ. ಅಂದರೆ ಲೈಬ್‌ನಿಟ್ಸ್ ಹೇಳಿದ್ದೇ ಸರಿ. ಗ್ರಾವೆಸಾಂಡೆ ತನ್ನ ನಿಲುವನ್ನು ಬದಲಿಸಿಕೊಂಡ. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರ ತನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಈ ಪ್ರಯೋಗವನ್ನು ಎತ್ತಿ ಹಿಡಿದಳು. ನ್ಯೂಟನ್‌ನ ಪ್ರಿನ್ಸಿಪಿಯಾವನ್ನು ಫ್ರೆಂಚಿಗೆ ತಂದವಳೂ ಅವಳೇ.

ಹಾಗಾದರೆ ಸಂವೇಗ ಸುಳ್ಳೇ? ಖಂಡಿತ ಅಲ್ಲ. ಎರಡೂ ಬೇಕು. ಆ 4 ಕಿಲೋ ಗುಂಡು ನಿಂತಿರುವ 1 ಕಿಲೋ ಗುಂಡಿಗೆ ನೇರವಾಗಿ ಡಿಕ್ಕಿ ಹೊಡೆದು, ಏನೂ ನಷ್ಟವಾಗದೆ ಪುಟಿದರೆ ಆಗುವುದು ಇದು: ದೊಡ್ಡದು 0.6 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ, ಚಿಕ್ಕದು 1.6 ಮೀಟರ್ ವೇಗದಲ್ಲಿ ಓಡುತ್ತದೆ. ಸಂವೇಗ ಕೂಡಿ ನೋಡಿ, ಮೊದಲೂ 4, ಆಮೇಲೂ 4. ಶಕ್ತಿ ಕೂಡಿ ನೋಡಿ, ಮೊದಲೂ 2 ಜೂಲ್, ಆಮೇಲೂ 2 ಜೂಲ್. ದೊಡ್ಡದು ಪೂರ್ತಿ ನಿಂತು ಚಿಕ್ಕದಕ್ಕೆ ಎಲ್ಲವನ್ನೂ ಕೊಡುವ ಆ ಲಾಭದ ವ್ಯವಹಾರಕ್ಕೆ ಶಕ್ತಿಯ ಲೆಕ್ಕ ಅಡ್ಡ ನಿಲ್ಲುತ್ತದೆ. ಬೈಕಿನ ವೇಗ 30ರಿಂದ 60 ಕಿಲೋಮೀಟರಿಗೆ ಏರಿದಾಗ ಸಂವೇಗ ಎರಡು ಪಟ್ಟು, ಬ್ರೇಕ್ ಹಾಕಿದ ಮೇಲೆ ಜಾರುವ ದೂರ ಮಾತ್ರ ನಾಲ್ಕು ಪಟ್ಟು. ಲೈಸೆನ್ಸ್ ಕೊಡುವಾಗ ಇದನ್ನೊಂದು ಕೇಳಬೇಕು.

ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ 1775ರಲ್ಲಿ, ತಾನೇ ತಿರುಗುವ ಯಂತ್ರದ ಅರ್ಜಿಗಳನ್ನು ಇನ್ನು ಮುಂದೆ ನೋಡುವುದೇ ಇಲ್ಲ ಎಂದು ತೀರ್ಮಾನಿಸಿತು. ಯೂಟ್ಯೂಬ್‌ಗೆ ಅಂಥ ನಿಯಮ ಇಲ್ಲ. ಅಲ್ಲಿ ಈಗ ಪಾದರಸ ಹೋಗಿ ಫ್ಲೈವೀಲ್ ಬಂದಿದೆ. ಚಿಕ್ಕ ಮೋಟಾರ್ ಒಂದು ಭಾರಿ ಕಬ್ಬಿಣದ ಚಕ್ರ ತಿರುಗಿಸುತ್ತದೆ, ಆ ಚಕ್ರ ದೊಡ್ಡ ಜನರೇಟರ್ ತಿರುಗಿಸುತ್ತದೆ, ಜನರೇಟರ್‌ನಿಂದ ಮೋಟಾರ್‌ಗೂ ಕರೆಂಟ್, ಊರಿಗೂ ಕರೆಂಟ್. ತ್ರೀ ಫೇಸ್ ಕರೆಂಟಿಗೆ ರಾತ್ರಿ ಕಾಯುವ ರೈತನಿಗೆ ಇದನ್ನು ತೋರಿಸಿದರೆ ಅವನು ಸಾಲ ಮಾಡಿಯಾದರೂ ಕೊಳ್ಳಬೇಕೆಂದುಕೊಳ್ಳುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲೇ.

ಲೆಕ್ಕ ಮಾಡಿ. 100 ಕಿಲೋ ತೂಕ, ಒಂದು ಮೀಟರ್ ಅಗಲದ ದುಂಡು ತಟ್ಟೆ, ನಿಮಿಷಕ್ಕೆ 600 ಸುತ್ತು. ಒಳಗಿರುವ ಶಕ್ತಿ ಸುಮಾರು 25,000 ಜೂಲ್. ಒಂದು ಯೂನಿಟ್ ಕರೆಂಟ್ ಎಂದರೆ 36 ಲಕ್ಷ ಜೂಲ್. 5 ಎಚ್‌ಪಿ ಪಂಪ್‌ಸೆಟ್ಟನ್ನು ಈ ಚಕ್ರ ಏಳು ಸೆಕೆಂಡೂ ಓಡಿಸದು. ಅದೇ 9 ವ್ಯಾಟ್ ಬಲ್ಬನ್ನು, ಉಜ್ಜಾಟ ಬಿಟ್ಟರೆ, ಮುಕ್ಕಾಲು ಗಂಟೆ ಉರಿಸಬಲ್ಲದು. ಉಜ್ಜಾಟ ಹಿಡಿದರೂ ಕೆಲವು ನಿಮಿಷ ಧಾರಾಳವಾಗಿ ಉರಿಯುತ್ತದೆ. ವಿಡಿಯೋ ಎಷ್ಟು ಹೊತ್ತಿನದು? ಮೂರು ನಿಮಿಷ. ಕಳ್ಳ ವೈರ್ ಕೂಡ ಬೇಕಿಲ್ಲ, ಚಕ್ರವನ್ನು ಮೊದಲೇ ತಿರುಗಿಸಿಟ್ಟು ಆಮೇಲೆ ಕ್ಯಾಮೆರಾ ಆನ್ ಮಾಡಿದರೆ ಸಾಕು. ಹಾಗಾಗಿ ಯಾರಾದರೂ ಮಾರಲು ಬಂದರೆ ಬಲ್ಬ್ ಬೇಡ, ಪಂಪ್‌ಸೆಟ್ ಹಾಕಿಸಿ. ಒಂದು ರಾತ್ರಿ ಓಡಲಿ, ದುಡ್ಡು ಬೆಳಿಗ್ಗೆ ಎನ್ನಿ.

ಫ್ಲೈವೀಲ್ ಮೋಸದ ವಸ್ತುವಲ್ಲ. ಅದು ಪಿಗ್ಮಿ ಕಟ್ಟಿದ ಹಾಗೆ. ದಿನಾ ಇಪ್ಪತ್ತು ರೂಪಾಯಿ ಕಟ್ಟಿದವನಿಗೆ ವರ್ಷದ ಕೊನೆಗೆ ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬರುತ್ತದೆ. ಇಲ್ಲಿ ಬಡ್ಡಿ ಮಾತ್ರ ಇಲ್ಲ, ಮೇಲಿಂದ ಉಜ್ಜಾಟದ ಕಮಿಷನ್ ಕಳೆಯುತ್ತದೆ. ಇಂಗ್ಲೆಂಡಿನ ಕಲ್ಹಮ್‌ನಲ್ಲಿ 2023ರ ಕೊನೆಯವರೆಗೆ ಪ್ರಯೋಗ ನಡೆಸಿದ ಜೆಟ್ ಎಂಬ ಪರಮಾಣು ಸಮ್ಮಿಲನ ಯಂತ್ರದ ಬಳಿ ಇಂಥ ಎರಡು ಚಕ್ರಗಳಿದ್ದವು. ಒಂದೊಂದೂ 775 ಟನ್. 8.8 ಮೆಗಾವ್ಯಾಟ್ ಮೋಟಾರ್ ನಿಮಿಷಗಟ್ಟಲೆ ತಿರುಗಿಸಿ ಚಕ್ರವನ್ನು ನಿಮಿಷಕ್ಕೆ 225 ಸುತ್ತಿನ ವೇಗಕ್ಕೆ ತರುತ್ತಿತ್ತು. ಆಮೇಲೆ ಚಕ್ರ ಕೆಲವೇ ಸೆಕೆಂಡುಗಳಲ್ಲಿ ನೂರಾರು ಮೆಗಾವ್ಯಾಟ್ ಸುರಿಯುತ್ತಿತ್ತು. ಊರಿನ ಗ್ರಿಡ್‌ನಿಂದ ಅಷ್ಟನ್ನು ಒಮ್ಮೆಲೇ ಎಳೆದರೆ ಗ್ರಿಡ್ಡೇ ಕುಸಿಯಬಹುದೆಂದು ಈ ಏರ್ಪಾಡು. ಚಿಕ್ಕ ಮೋಟಾರ್, ಭಾರಿ ಚಕ್ರ, ದೊಡ್ಡ ಜನರೇಟರ್, ಎಲ್ಲ ವಿಡಿಯೋದಲ್ಲಿ ಇದ್ದ ಹಾಗೆಯೇ. ಮೋಟಾರ್‌ಗೆ ಕರೆಂಟ್ ಮಾತ್ರ ಗ್ರಿಡ್‌ನಿಂದಲೇ ಬರುತ್ತಿತ್ತು.