ಬಯಲು, ಘಟ್ಟ, ಕಡಲು: ಮೂರನ್ನೂ ಒಂದೇ ಸುತ್ತಿನಲ್ಲಿ ನೋಡೋಕೆ ಯಾವ ದಾರಿ?

ಪ್ರಶ್ನೆ: ದೀಪಾವಳಿ ರಜೆಗೆ ಬೆಂಗಳೂರಿನಿಂದ ಕಾರಲ್ಲೇ ದೂರ ಹೋಗೋಣ ಅಂತಿದ್ದೇವೆ. ನಾಲ್ಕೈದು ದಿನ ಬಿಡುವಿದೆ. ದಾರಿಯುದ್ದಕ್ಕೂ ನೋಟ ಬದಲಾಗ್ತಾ ಇರಬೇಕು. ಅದಕ್ಕೆ ಬೇರೆ ರಾಜ್ಯಕ್ಕೇ ಹೋಗಬೇಕಾ?

ಉತ್ತರ: ಖಂಡಿತ ಬೇಡ. ಬೆಂಗಳೂರು, ಚಿತ್ರದುರ್ಗ, ಶಿವಮೊಗ್ಗ, ಜೋಗ, ಹೊನ್ನಾವರ, ಉಡುಪಿ, ಆಗುಂಬೆ, ಶೃಂಗೇರಿ, ಚಿಕ್ಕಮಗಳೂರು, ಹಾಸನ, ವಾಪಸ್ ಬೆಂಗಳೂರು. ಸುಮಾರು 1,000 ಕಿಲೋಮೀಟರ್ ಸುತ್ತು. ಒಂದು ಘಟ್ಟ ಇಳಿದು ಇನ್ನೊಂದು ಘಟ್ಟ ಹತ್ತಿ ಬರುತ್ತೀರಿ. ಹೋದ ದಾರಿಯಲ್ಲೇ ಮರಳುವ ಬೇಸರವಿಲ್ಲ.

ನಮ್ಮ ರಾಜ್ಯದಲ್ಲಿ ನೆಲ ಬೇಗ ಬೇಗ ಬದಲಾಗುವುದು ಪೂರ್ವದಿಂದ ಪಶ್ಚಿಮಕ್ಕೆ ಹೋದಾಗ. ಅರಬ್ಬಿ ಸಮುದ್ರದಿಂದ ಬರುವ ಮಳೆಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಘಟ್ಟ ದಾಟಿ ಒಳನಾಡಿಗೆ ಬರುವಷ್ಟರಲ್ಲಿ ಅದರ ನೀರೆಲ್ಲ ಹೆಚ್ಚುಕಡಿಮೆ ಖಾಲಿ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಚಿತ್ರದುರ್ಗ ಜಿಲ್ಲೆಗೆ 600ರ ಆಸುಪಾಸು. ಇವೆರಡರ ನಡುವೆ ನೇರ ಅಂತರ 200 ಕಿ.ಮೀ. ಕೂಡ ಇಲ್ಲ!

ಅದಕ್ಕೇ ಮೊದಲು ಒಣ ನೆಲ ನೋಡಿ ಎನ್ನುತ್ತೇನೆ. ಬೆಳಗ್ಗೆ ಐದಕ್ಕೆಲ್ಲ ಗೊರಗುಂಟೆಪಾಳ್ಯ ದಾಟಿಬಿಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ. ಶಿರಾ ದಾಟಿದ ಮೇಲೆ ತೆಂಗು ಕಡಿಮೆಯಾಗುತ್ತಾ ಹೋಗುತ್ತದೆ. ಕಡಲೆಕಾಯಿ ಹೊಲ, ಜಾಲಿ, ಬೋಳು ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ. ತುಂಬಾ ಜನ ಇಲ್ಲಿ ನೋಡೋಕೇನಿದೆ ಅಂತ ಗಾಡಿ ಓಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿರಿಯೂರಿನಿಂದ ಸ್ವಲ್ಪ ಒಳಗೆ ಹೋದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಇದೆ. ಊರಿನವರ ಬಾಯಲ್ಲಿ ಅದು ಮಾರಿಕಣಿವೆ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಸೀಮೆಯಲ್ಲಿ ನೀರಿಗೆ ಎಷ್ಟು ಬೆಲೆ ಅನ್ನೋದು ಆ ಎರಡು ಇಸವಿಗಳಲ್ಲೇ ಗೊತ್ತಾಗುತ್ತದೆ, ಅಲ್ವಾ? ಸಮಯ ಇಲ್ಲದಿದ್ದರೆ ಇದನ್ನು ಬಿಟ್ಟು ನೇರ ಚಿತ್ರದುರ್ಗಕ್ಕೆ ಹೋಗಿ, ಬಿಸಿಲೇರುವ ಮೊದಲೇ ಕೋಟೆ ಹತ್ತಿ. ಆ ಬಂಡೆಗಳ ನಡುವೆ ನಿಲ್ಲದೆ ಮುಂದೆ ಹೋಗುವುದು ಅನ್ಯಾಯ.

ಹೊಳಲ್ಕೆರೆ ಕಡೆ ತಿರುಗಿದರೆ ಅಡಿಕೆ ತೋಟಗಳು ಕಾಣಿಸತೊಡಗುತ್ತವೆ. ಆ ರಾತ್ರಿ ಶಿವಮೊಗ್ಗದಲ್ಲಿ ಉಳಿಯಿರಿ.

ಎರಡನೇ ದಿನ ಸಾಗರದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮುಂದೆ ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಮೇಲೆ ನೀರು ಎಷ್ಟಿರುತ್ತದೆ ಅನ್ನೋದು ಮಳೆಗಾಲ ಹೇಗಿತ್ತು, ಅಣೆಕಟ್ಟಿನಿಂದ ಎಷ್ಟು ಬಿಟ್ಟರು ಅನ್ನೋದರ ಮೇಲೆ ನಿಂತಿದೆ. ದೀಪಾವಳಿ ಹೊತ್ತಿಗೆ ಆಗಸ್ಟ್‌ನ ಅಬ್ಬರ ಇರುವುದಿಲ್ಲ. ನಾಲ್ಕೂ ಕವಲು ತೆಳ್ಳಗೆ ಬೀಳುತ್ತಿದ್ದರೂ ಆ ಕಲ್ಲುಗೋಡೆಯ ಎತ್ತರ ನೋಡಿದರೆ ಸಾಕು.

ಅಲ್ಲಿಂದ ಗೇರುಸೊಪ್ಪೆ ಕಡೆಗೆ ಇಳಿಯುವ ಘಟ್ಟ ಇಡೀ ಸುತ್ತಿನಲ್ಲಿ ನನಗೆ ಅತಿ ಇಷ್ಟದ ತುಂಡು. ದಟ್ಟ ಕಾಡು, ತಿರುವಿನ ಮೇಲೆ ತಿರುವು. ಸಿಂಗಳೀಕಗಳು ಇರುವ ಕಾಡಿದು. ಕಿಟಕಿಯಿಂದ ಚಿಪ್ಸ್, ಬಾಳೆಹಣ್ಣು ಎಸೆಯಬೇಡಿ. ತಿನ್ನೋ ಆಸೆಗೆ ಕೋತಿಗಳು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ. ಜೋಗದಲ್ಲಿ ಬಿದ್ದ ಅದೇ ಶರಾವತಿ ಕೆಳಗೆ ಹೊನ್ನಾವರದಲ್ಲಿ ಅಗಲವಾಗಿ ಹರಡಿ ಸಮುದ್ರ ಸೇರುತ್ತಾಳೆ. ಹೆದ್ದಾರಿಯ ಸೇತುವೆಯಲ್ಲಿ ದಕ್ಷಿಣಕ್ಕೆ ಹೋಗುವಾಗ ಅವಳನ್ನೇ ದಾಟುತ್ತೀರಿ. ಬೆಳಗ್ಗೆ ಬೀಳುವುದನ್ನು ನೋಡಿದ ನದಿ ಸಂಜೆಗೆ ಕಡಲಾಗುವುದನ್ನು ಮಕ್ಕಳಿಗೆ ಮರೆಯದೆ ತೋರಿಸಿ.

ಮುಂದೆ ಮುರುಡೇಶ್ವರ, ಭಟ್ಕಳ, ಮರವಂತೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಸಮುದ್ರ. ಗಾಡಿಗಳು ಜೋರಾಗಿ ಬರುವ ಹೆದ್ದಾರಿ ಅದು. ಜಾಗ ನೋಡಿ ಪೂರ್ತಿ ಪಕ್ಕಕ್ಕೆ ನಿಲ್ಲಿಸಿಯೇ ಇಳಿಯಿರಿ. ಕುಂದಾಪುರ ಬರುವಷ್ಟರಲ್ಲಿ ಅಂಗಡಿಯಲ್ಲಿ ಕೇಳುವ ಕನ್ನಡವೂ ಬದಲಾಗಿರುತ್ತದೆ. ಉಡುಪಿಯಲ್ಲಿ ತುಳು. ಹೋಟೆಲಿನಲ್ಲಿ ಬನ್ಸ್, ಗೋಳಿಬಜೆ ಬಿಡಬೇಡಿ.

ಮತ್ತೆ ಮೇಲೆ ಬರೋಕೆ ಆಗುಂಬೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ. ಅಲ್ಲಿಂದ ಕಡಿದಾದ 14 ಹೇರ್‌ಪಿನ್ ತಿರುವು. ಮಧ್ಯಾಹ್ನ ನಾಲ್ಕಕ್ಕೆ ಸೋಮೇಶ್ವರ ಬಿಟ್ಟರೆ ಗಡಿಬಿಡಿ ಇಲ್ಲದೆ ಸೂರ್ಯಾಸ್ತದ ಜಾಗ ತಲುಪಬಹುದು. ಮೋಡ ಇಲ್ಲದ ಸಂಜೆ ದೂರದ ಕಡಲಿನ ಮೇಲೆ ಸೂರ್ಯ ಇಳಿಯುತ್ತಾನೆ. ಕತ್ತಲಾದ ಮೇಲೆ ಮಾತ್ರ ಘಟ್ಟ ಹತ್ತುವುದು ಬೇಡ. ತಿರುವಿನಲ್ಲಿ ಹಾರ್ನ್ ಮಾಡಿ, ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ. ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇರಬೇಡಿ, ಅದು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರ್‌ನಲ್ಲಿ ಇಳಿಯಿರಿ. ಗೇರುಸೊಪ್ಪೆಯಲ್ಲೂ ಇದೇ ನಿಯಮ.

ಆಗುಂಬೆ ಅಥವಾ ಶೃಂಗೇರಿಯಲ್ಲಿ ರಾತ್ರಿ ಕಳೆದು ಕೊಪ್ಪದ ಕಡೆಯಿಂದ ಕಾಫಿ ತೋಟಗಳ ನಡುವೆ ಚಿಕ್ಕಮಗಳೂರಿಗೆ ಬನ್ನಿ. ಐದನೇ ದಿನ ಕೈಯಲ್ಲಿದ್ದರೆ ಇಲ್ಲೇ ಖರ್ಚು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವವರು ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ಕೊನೆಯ ದಿನ ಬೇಲೂರು, ಹಾಸನ, ಕುಣಿಗಲ್ ದಾರಿ. ರಸ್ತೆ ಚೆನ್ನಾಗಿದೆ. ಆದರೆ ರಜೆ ಮುಗಿಯುವ ಸಂಜೆ ನೆಲಮಂಗಲದ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಆದಷ್ಟು ಮೂರು ಗಂಟೆಯೊಳಗೆ ಅದನ್ನು ದಾಟುವಂತೆ ಬೆಳಗ್ಗೆಯೇ ಹೊರಡಿ.