ನುಡಿ, ಯೂನಿಕೋಡ್ ಮತ್ತು ಮುಗಿಯದ ಒಂದು ತಕರಾರಿನ ಹಿನ್ನೆಲೆ

ಮೈಸೂರಿನ ಹಳೆಯ ಡಿಟಿಪಿ ಅಂಗಡಿಯೊಂದರಲ್ಲಿ ಹದಿನೈದು ವರ್ಷದ ಹಿಂದೆ ಸಿದ್ಧವಾದ ಪುಸ್ತಕದ ಕಡತವನ್ನು ಇವತ್ತು ಮೊಬೈಲಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಇವೇ ಸಾಲುಗಟ್ಟಿ ನಿಂತಿರುತ್ತವೆ. ಮಂಡ್ಯದ ಕಚೇರಿಗಳ ಎದುರು ಅರ್ಜಿ ಟೈಪ್ ಮಾಡಿಕೊಡುವವರು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರುವ ಮಾದರಿ ಪತ್ರಗಳ ಪಾಡೂ ಇದೇ. ಇವೆಲ್ಲ ಸಿದ್ಧವಾದದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ನುಡಿ ಬಿಟ್ಟು, ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಬನ್ನಿ ಎಂದು ಪ್ರೋಗ್ರಾಮರುಗಳು ಹೇಳುತ್ತಲೇ ಇದ್ದಾರೆ. ಯೂನಿಕೋಡಿನಲ್ಲಿ ಒತ್ತಕ್ಷರ ಒಡೆಯುತ್ತದೆ, ನಾಳೆ ಬೆಳಗ್ಗೆ ಅಚ್ಚಿನ ಪ್ಲೇಟ್ ಆಗಬೇಕು ಎಂದು ಅಕ್ಷರ ಜೋಡಿಸುವವರು ಉತ್ತರ ಕೊಡುತ್ತಲೇ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೂ ವಾದ ಮುಂದೆ ಸಾಗುವುದಿಲ್ಲ, ಏಕೆಂದರೆ ನುಡಿ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ: ಕೀಲಿಮಣೆ ವಿನ್ಯಾಸ, ಫಾಂಟು, ಅಕ್ಷರ ಸಂಕೇತ (ಕಡತದಲ್ಲಿ ಅಕ್ಷರ ಉಳಿಯುವ ಸಂಖ್ಯೆ), ತಂತ್ರಾಂಶ. ಬಿಡಬೇಕಾದದ್ದು ಇವುಗಳಲ್ಲಿ ಸಂಕೇತ ಒಂದನ್ನೇ.

ಈ ಸಂಕೇತ ಹುಟ್ಟಿದ್ದು ಯಾರ ತಪ್ಪಿನಿಂದಲೂ ಅಲ್ಲ. 1990ರ ದಶಕದ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿಗೆ ಒಂದು ಅಕ್ಷರವೆಂದರೆ ಒಂದು ಬೈಟು, ಅಂದರೆ ಒಟ್ಟು 256 ಮನೆ. ಒಂದು ಮನೆಗೆ ಒಂದು ಆಕಾರ. ಕನ್ನಡದ ಕಾಗುಣಿತ, ಒತ್ತಕ್ಷರಗಳ ಸಂಯೋಜನೆ ಸಾವಿರಗಟ್ಟಲೆ. ಅವನ್ನೆಲ್ಲ 256 ಮನೆಗಳಲ್ಲಿ ಕೂರಿಸಬೇಕಾದರೆ ಅಕ್ಷರವನ್ನು ತುಂಡು ಮಾಡಲೇಬೇಕು: ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಪ್ರತಿ ಒತ್ತಿಗೂ ಒಂದೊಂದು ಮನೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಈ ತುಂಡುಗಳನ್ನಿಟ್ಟು, ಅವನ್ನು ಪಕ್ಕಪಕ್ಕ ಜೋಡಿಸಿ ಅಕ್ಷರವೆನ್ನಿಸುವುದೇ ನಾವು ಇವತ್ತು ಆಸ್ಕಿ ಫಾಂಟ್ ಎನ್ನುವುದರ ಗುಟ್ಟು. ಆ ಕಾಲಕ್ಕೆ ಅದು ಜಾಣ ಪರಿಹಾರವಾಗಿತ್ತು.

ಕಷ್ಟವಿದ್ದದ್ದು ಯಾವ ತುಂಡು ಯಾವ ಮನೆಯಲ್ಲಿ ಎಂಬ ವಿಷಯದಲ್ಲಿ. ಶ್ರೀಲಿಪಿ, ಆಕೃತಿ, ಪ್ರಕಾಶಕ ಎಂಬ ಕನ್ನಡ ತಂತ್ರಾಂಶಗಳು ಒಂದೊಂದೂ ಒಂದೊಂದು ಪಟ್ಟಿ ಇಟ್ಟುಕೊಂಡಿದ್ದವು. ಒಂದರಲ್ಲಿ ಜೋಡಿಸಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ನಂತರದ ಕೆಲವೇ ವರ್ಷಗಳಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಬರಹ ಮತ್ತು ನುಡಿ ಫಾಂಟುಗಳು ಒಂದೇ ಪಟ್ಟಿಗೆ ಹೊಂದಿಕೊಂಡದ್ದು ದೊಡ್ಡ ಲಾಭ. ಮೈಸೂರಿನಲ್ಲಿ ಜೋಡಿಸಿದ ಪುಟ ಬೆಂಗಳೂರಿನ ಪ್ರೆಸ್ಸಿನಲ್ಲಿ ತೆರೆದುಕೊಳ್ಳುವಂತಾಯಿತು. ಅಕ್ಷರ ಜೋಡಿಸುವವರು ಆ ಏಕರೂಪತೆಯನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಎಂಬುದು ಅದಕ್ಕೂ ಮೊದಲಿನ ಪರದಾಟ ಗೊತ್ತಿದ್ದವರಿಗೆ ಅರ್ಥವಾಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಯಿತು. ಅದು ಆಕಾರವನ್ನಲ್ಲ, ಉಚ್ಚಾರಣೆಯ ಕ್ರಮದಲ್ಲಿ ಅಕ್ಷರವನ್ನು ಉಳಿಸುತ್ತದೆ. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನ ಮೀಸಲಿಟ್ಟಿತು. ಅಕ್ಷರಗಳ ಜೋಡಣೆಯನ್ನು ತೆಗೆದುಕೊಂಡದ್ದು ಇಸ್ಕಿಯ 1988ರ ರೂಪದಿಂದ. ಮೈಸೂರಿನ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ ಸಂಶೋಧನೆಗಾಗಿ ಕೂಡಿಸಿದ್ದ ಕನ್ನಡ ಪಠ್ಯಕೋಶ ಇಸ್ಕಿಯಲ್ಲಿತ್ತು. ಹಾಗಾಗಿ ಮುಂದೆ ಅದನ್ನು ಯೂನಿಕೋಡಿಗೆ ತರುವುದು ಹೆಚ್ಚುಕಡಿಮೆ ಸಂಖ್ಯೆಗೆ ಸಂಖ್ಯೆ ಬದಲಿಸುವ ಕೆಲಸವಾಯಿತು. ಅದೇ ಊರಿನ ಪ್ರೆಸ್ಸುಗಳಲ್ಲಿ ಆಕಾರದ ಲೆಕ್ಕದಲ್ಲಿ ಉಳಿದ ಪುಸ್ತಕಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ವ್ಯತ್ಯಾಸವನ್ನು ಒಂದು ಪದದಲ್ಲಿ ನೋಡಬಹುದು. ನುಡಿ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಲು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಇಲ್ಲಿ ಎಫ್ ಎಂದರೆ ಒತ್ತಕ್ಷರ ಬರಿಸಲು ಒತ್ತುವ ವಿರಾಮ, ಅಂದರೆ ಅರ್ಧಾಕ್ಷರದ ಗುರುತು (್). ಯೂನಿಕೋಡಿನಲ್ಲಿ ಇದೇ ಪದ ಉಳಿಯುವುದೂ ಐದು ಸಂಕೇತವಾಗಿ: 3221, 3240, 3277, 3240, 3233. ಅಂದರೆ ಕ, ನ, ವಿರಾಮ, ನ, ಡ. ಕೀಲಿ ಒತ್ತಿದ ಕ್ರಮಕ್ಕೂ ಸಂಕೇತದ ಕ್ರಮಕ್ಕೂ ಒಂದಿಷ್ಟೂ ಅಂತರವಿಲ್ಲ. ಆಸ್ಕಿ ನುಡಿಯಲ್ಲಾದರೆ ಕಡತಕ್ಕೆ ಹೋಗುವುದು ಏಳು ತುಂಡು: ಕ ದೇಹ, ತಲೆಕಟ್ಟು, ನ ದೇಹ, ತಲೆಕಟ್ಟು, ನ ಒತ್ತು, ಡ ದೇಹ, ತಲೆಕಟ್ಟು. ಇಪ್ಪತ್ತು ವರ್ಷ ನುಡಿಯಲ್ಲಿ ಕೆಲಸ ಮಾಡಿದವರ ಬೆರಳು ಮೊದಲಿನಿಂದಲೂ ಯೂನಿಕೋಡ್ ಕ್ರಮದಲ್ಲೇ ಓಡಿದೆ. ಅದನ್ನು ತುಂಡು ಮಾಡಿದ್ದು ತಂತ್ರಾಂಶ. ಯೂನಿಕೋಡಿಗೆ ಬಂದರೆ ಟೈಪಿಂಗ್ ಹೊಸದಾಗಿ ಕಲಿಯಬೇಕು ಎಂಬ ಭಯಕ್ಕೆ ಆಧಾರವಿಲ್ಲ. ಇದನ್ನು ಪ್ರೋಗ್ರಾಮರುಗಳು ಸರಿಯಾಗಿ ಹೇಳಲಿಲ್ಲ ಎಂಬುದೇ ಈ ಇಡೀ ವಾದದಲ್ಲಿ ನನಗೆ ಹೆಚ್ಚು ಬೇಸರ ತರುವ ಭಾಗ.

2001ರಲ್ಲಿ ಎರಡು ದಾರಿಗಳು ಪೂರ್ತಿ ಬೇರೆಯಾದವು. ಆ ವರ್ಷ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಾನೇ ತೋರಿಸಬಲ್ಲದಾಗಿತ್ತು. ಅದೇ ವರ್ಷ ಪೇಜ್‌ಮೇಕರಿನ 7ನೇ ಆವೃತ್ತಿಯೂ ಬಂತು, ಅದೇ ಕೊನೆಯದೂ ಆಯಿತು. ಅದಕ್ಕೆ ಯೂನಿಕೋಡ್ ಒತ್ತಕ್ಷರ ಕಟ್ಟಲು ಬರುತ್ತಿರಲಿಲ್ಲ. ಮೈಸೂರಿನ ಪ್ರಕಾಶಕರು, ಲಗ್ನಪತ್ರಿಕೆ ಮಾಡುವವರು, ಪ್ರಶ್ನೆಪತ್ರಿಕೆ ಜೋಡಿಸುವವರು ನಿಂತಿದ್ದದ್ದು ಪೇಜ್‌ಮೇಕರ್ ಮತ್ತು ಹಳೆಯ ಕೋರೆಲ್‌ಡ್ರಾ ಮೇಲೆ. ವೆಬ್ ಬರೆಯುವವರು ಒಂದು ಕಡೆ, ಅಚ್ಚು ಮಾಡುವವರು ಇನ್ನೊಂದು ಕಡೆ ಉಳಿದರು.

ಮುಕ್ತ ತಂತ್ರಾಂಶದ ಪ್ರಶ್ನೆ ಎದ್ದದ್ದು ಇಲ್ಲಿಯೇ. ನುಡಿ ಹಣ ಕೊಡದೆ ಸಿಗುತ್ತಿತ್ತು, ಆದರೆ ಅದರ ಮೂಲ ಕೋಡ್ ಎಲ್ಲರ ಕೈಗೆ ಸಿಗುತ್ತಿರಲಿಲ್ಲ. ಅದು ಓಡುತ್ತಿದ್ದದ್ದು ವಿಂಡೋಸಿನಲ್ಲಿ. ವಿಂಡೋಸಿನ ಬದಲು ಮುಕ್ತ ತಂತ್ರಾಂಶವಾದ ಲಿನಕ್ಸ್ ಬಳಸುವವರು ಸರ್ಕಾರದ ದುಡ್ಡಿನಲ್ಲಾದ ಕೆಲಸದ ಕೋಡ್ ಎಲ್ಲರಿಗೂ ಸಿಗಬೇಕು ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಇತ್ತ ಲೋಹಿತ್ ಕನ್ನಡ, ಕೇದಗೆ, ಮಲ್ಲಿಗೆ, ಆಮೇಲೆ ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳು ಬಂದವು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ನುಡಿ ಕೀಲಿಮಣೆಯಂತೂ ಲಿನಕ್ಸಿನೊಳಗೇ ಸೇರಿಕೊಂಡಿತು. ಇವತ್ತು ಯಾವ ಲಿನಕ್ಸಿನ ಕೀಲಿಮಣೆ ಪಟ್ಟಿ ತೆರೆದರೂ ಕನ್ನಡದ ಕೆಳಗೆ ‘ಕಗಪ’ ಎಂಬ ಆಯ್ಕೆ ಇದೆ. ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಕೆಳಗೂ ಅದೇ ಹೆಸರಿನ ವಿನ್ಯಾಸವಿದೆ. ನುಡಿ ಪೊಟ್ಟಣದ ಅತ್ಯುತ್ತಮ ಭಾಗ ಹೀಗೆ ನುಡಿಯ ಹೊರಗೂ ಬದುಕಿತು.

ರಾಜ್ಯ ಸರ್ಕಾರ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅದೇ ವರ್ಷ ಬಂದ, ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್ ಸಿಎಸ್6 ಭಾರತೀಯ ಲಿಪಿಗಳನ್ನು ಕಟ್ಟಲು ಕಲಿತಿತ್ತು. ಆದರೆ ಅದಕ್ಕೊಂದು ಷರತ್ತು: ಪ್ಯಾರಾಗ್ರಾಫ್ ಶೈಲಿಯಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ದುಕೊಳ್ಳಬೇಕು. ಇಂಗ್ಲಿಷಿಗೆಂದು ಇಟ್ಟ ಮಾಮೂಲಿ ಕಂಪೋಸರಿನಲ್ಲೇ ಕನ್ನಡ ಅಂಟಿಸಿದರೆ ಒತ್ತುಗಳು ಒಡೆದು ವಿರಾಮದ ಗುರುತು (್) ಬಿಡಿಬಿಡಿಯಾಗಿ ಕಾಣುತ್ತದೆ. ಯೂನಿಕೋಡ್ ಪ್ರೆಸ್ಸಿಗೆ ಆಗಿಬರಲ್ಲ ಎಂಬ ಮಾತು ಬಹಳ ಕಡೆ ಹುಟ್ಟಿದ್ದು ಈ ಒಂದು ಆಯ್ಕೆಯನ್ನು ಬದಲಿಸದೆ ಬಿಟ್ಟದ್ದರಿಂದ. ಪರವಾನಗಿ ಕೊಳ್ಳಲಾಗದ ಅಂಗಡಿಗೆ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್ 1.6 ಇದೆ, ಅದೂ ಒತ್ತಕ್ಷರ ಸರಿಯಾಗಿ ಕಟ್ಟುತ್ತದೆ. ಬರೇ ಪಠ್ಯವಿರುವ ಪುಸ್ತಕಕ್ಕೆ ಲಿಬ್ರೆಆಫೀಸ್ ಸಾಕು.

ಈಗ ಉಳಿದಿರುವ ನಿಜವಾದ ಕೆಲಸ ಹಳೆಯ ಕಡತಗಳನ್ನು ಪರಿವರ್ತಿಸುವುದು. ಪಟ್ಟಿ ಇಟ್ಟುಕೊಂಡು ಹುಡುಕಿ-ಬದಲಿಸಿದರೆ ಆಯಿತಲ್ಲ ಎಂದು ಹೊಸ ಪ್ರೋಗ್ರಾಮರು ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

ಮೊದಲನೆಯದು ತುಂಡುಗಳ ಉದ್ದ. ‘ಮ’ ಅಕ್ಷರಕ್ಕೆ ಆಸ್ಕಿ ನುಡಿಯಲ್ಲಿ ಸ್ವಂತ ಮನೆಯಿಲ್ಲ. ‘ವ’ ದೇಹ, ತಲೆಕಟ್ಟು, ಕೊಂಬು ಸೇರಿ ಅದು ‘ಮ’ ಆಗುತ್ತದೆ. ಸಣ್ಣ ತುಂಡನ್ನು ಮೊದಲು ಬದಲಿಸಿದರೆ ‘ಮಂಡ್ಯ’ ಹೋಗಿ ‘ವುಂಡ್ಯ’ ಬರುತ್ತದೆ. ‘ಯ’ ಶುರುವಾಗುವುದು ಅನುಸ್ವಾರದ ಸೊನ್ನೆ ಇರುವ ಮನೆಯಿಂದಲೇ, ಅದನ್ನು ಮೊದಲು ಮುಟ್ಟಿದರೆ ‘ಯ’ ಇದ್ದ ಕಡೆಯೆಲ್ಲ ಸೊನ್ನೆ ಉದುರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಅತಿ ಉದ್ದದ ಸರಣಿ ಮೊದಲು ಹೊಂದಬೇಕು, ಆಮೇಲೆ ಚಿಕ್ಕದು.

ಎರಡನೆಯದು ಕ್ರಮ. ‘ಕರ್ನಾಟಕ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ನಾ’ ಆದಮೇಲೆ ಉಳಿದಿರುತ್ತದೆ. ಯೂನಿಕೋಡಿನಲ್ಲಿ ‘ರ’ ಮತ್ತು ವಿರಾಮ ‘ನ’ಕ್ಕಿಂತ ಮೊದಲು ಬರಬೇಕು. ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಸಾಲದು, ‘ಅರ್ಘ್ಯ’ದಂಥ ಪದದಲ್ಲಿ ಯ ಒತ್ತು, ಘ ಎರಡನ್ನೂ ದಾಟಿ ಇಡೀ ಅಕ್ಷರದ ಮುಂದೆ ಹೋಗಿ ನಿಲ್ಲಬೇಕು. ‘ಸ್ತ್ರೀ’ ಇನ್ನೂ ತೊಡಕು: ಕಡತದಲ್ಲಿರುವುದು ‘ಸಿ’, ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಇದನ್ನು ಸ, ವಿರಾಮ, ತ, ವಿರಾಮ, ರ, ‘ಈ’ಕಾರ ಎಂದು ಮರುಜೋಡಿಸಬೇಕು. ಇದಕ್ಕೆ ಮಾದರಿ ಕೊಟ್ಟು ಹುಡುಕಿ-ಬದಲಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕೇ, ಸಣ್ಣ ಪಾರ್ಸರ್ ಬೇಕೇ ಎಂಬ ಚರ್ಚೆ ಹಳೆಯದು. ಅಕ್ಷರವನ್ನೇ ಘಟಕವಾಗಿ ಹಿಡಿದು, ದೇಹ, ಒತ್ತುಗಳು, ಸ್ವರ, ಅರ್ಕಾವತ್ತು ಎಂದು ಬಿಡಿಸಿ ಮತ್ತೆ ಕಟ್ಟುವ ಪಾರ್ಸರೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಒಂದು ಪದ ಸರಿಮಾಡಲು ಹೋದರೆ ಇನ್ನೆರಡು ಕೆಡುತ್ತವೆ.

ಮೂರನೆಯ ಅಪಾಯ ಕಡತದ ಒಳರಚನೆಯಲ್ಲಿದೆ. ಇಂಗ್ಲಿಷ್ ಮತ್ತು ನುಡಿ ಬೆರೆತ ವರ್ಡ್ ಕಡತವನ್ನು ಸಾದಾ ಪಠ್ಯ ಮಾಡಿ ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ವರ್ಡಿನ ಡಾಕ್ಸ್ ಕಡತ ಒಂದು ಜಿಪ್ ಪೊಟ್ಟಣ, ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಪಠ್ಯದ ತುಣುಕುಗಳ ಫಾಂಟ್ ಹೆಸರು ಸಾಮಾನ್ಯವಾಗಿ ಇರುತ್ತದೆ. ನುಡಿ ಫಾಂಟ್ ಇರುವ ತುಣುಕುಗಳನ್ನಷ್ಟೇ ಪರಿವರ್ತಿಸಬೇಕು. ತುಣುಕಿನಲ್ಲಿ ಹೆಸರಿಲ್ಲದಿದ್ದರೆ ಶೈಲಿಯಿಂದ ಬಂದಿರುತ್ತದೆ, ಅಲ್ಲಿ ಹುಡುಕಬೇಕು. ವರ್ಡ್ ಒಂದೇ ಪದವನ್ನು ಎರಡು ಮೂರು ತುಣುಕಾಗಿ ಒಡೆದಿಡುವುದೂ ಉಂಟು. ‘ವ’ ಒಂದರಲ್ಲಿ, ಕೊಂಬು ಇನ್ನೊಂದರಲ್ಲಿ ಬಿದ್ದರೆ ಮತ್ತೆ ‘ವುಂಡ್ಯ’ವೇ. ಒಂದೇ ಫಾಂಟಿನ ಅಕ್ಕಪಕ್ಕದ ತುಣುಕುಗಳನ್ನು ಮೊದಲು ಕೂಡಿಸಿಕೊಂಡು ಆಮೇಲೆ ಪರಿವರ್ತಿಸಬೇಕು. ಅಂಕಿಗಳಿಗೂ ಫಾಂಟ್ ಹೆಸರೇ ಸಾಕ್ಷಿ: ಹೆಸರಿನ ಕೊನೆಯಲ್ಲಿ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ. ಪಹಣಿ, ಸರ್ವೆ ನಂಬರಿನ ವಿಷಯದಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಪರಿವರ್ತನೆಯಾದಮೇಲೆ ಎನ್‌ಎಫ್‌ಸಿ ಸಾಮಾನ್ಯೀಕರಣ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಕೆಲಸ, ಮಾಡಲೇಬೇಕು. ‘ಈ’ಕಾರದ ಚಿಹ್ನೆಯನ್ನು 3264 ಎಂಬ ಒಂದೇ ಸಂಕೇತವಾಗಿಯೂ, 3263 ಮತ್ತು 3285 ಎಂಬ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ, ಹುಡುಕಿದರೆ ಸಿಗುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಟೈಪ್ ಮಾಡಿರುವುದು ಇನ್ನೊಂದು ಕಾಟ: ಅನುಸ್ವಾರ 3202, ಸೊನ್ನೆ 3302. ಸಾಮಾನ್ಯೀಕರಣ ಇದನ್ನು ಸರಿಪಡಿಸದು. ಎಡಬದಿಯಲ್ಲಿ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇರುವ ಸೊನ್ನೆಯನ್ನು ಅನುಸ್ವಾರ ಮಾಡುವ ನಿಯಮ ಬೇರೆಯಾಗಿಯೇ ಬರೆಯಬೇಕು. ಕೊನೆಗೆ ಕಡತದಲ್ಲಿ ಪೌಂಡ್ ಗುರುತಿನಂಥ ಪಳೆಯುಳಿಕೆ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ ನೋಡುವುದು ಅತಿ ಅಗ್ಗದ ಪರೀಕ್ಷೆ.

ಯೂನಿಕೋಡ್ ಜಾಗ ತಿನ್ನುತ್ತದೆ ಎಂಬ ಆಕ್ಷೇಪವೂ ಆಗಾಗ ಬರುತ್ತದೆ. ಕಡತದ ಗಾತ್ರಕ್ಕೆ ಈಗ ಅದು ಲೆಕ್ಕಕ್ಕಿಲ್ಲ, ಡೇಟಾಬೇಸಿಗೆ ಇದೆ. ‘ಶ್ರೀರಂಗಪಟ್ಟಣ’ ಓದುವವರಿಗೆ ಆರು ಅಕ್ಷರ, ಯೂನಿಕೋಡಿಗೆ ಹನ್ನೆರಡು ಸಂಕೇತ, ಅದನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ 36 ಬೈಟು. ಊರಿನ ಹೆಸರಿಗೆ 30 ಬೈಟಿನ ಕಾಲಂ ಇಟ್ಟು ಉಳಿದದ್ದನ್ನು ಕತ್ತರಿಸಿದರೆ ‘ಶ್ರೀರಂಗಪಟ್’ ಎಂದು ನಿಲ್ಲುತ್ತದೆ. ಕಾಲಂ ಅಳತೆಯನ್ನು ಬೈಟಿನ ಬದಲು ಸಂಕೇತಗಳ ಲೆಕ್ಕದಲ್ಲಿ ಕೊಡುವುದು, ಇಂಗ್ಲಿಷ್ ಹೆಸರಿಗೆ ಕೊಟ್ಟದ್ದರ ಎರಡರಷ್ಟಾದರೂ ಇಡುವುದು ಒಳಿತು.

ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸಿ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಇಂಥ ಉದಾರತೆ ಓದುಗರಿಗೆ ಪೂರ್ತಿ ದಕ್ಕುವುದು ಪಠ್ಯ ಹುಡುಕಲು ಬರುವ ಸಂಕೇತದಲ್ಲಿದ್ದಾಗ ಮಾತ್ರ. ಪರವಾನಗಿ ತೆರೆದು ಸಂಕೇತ ಮುಚ್ಚಿದ್ದರೆ ಅರ್ಧ ಬಾಗಿಲು ತೆರೆದಂತೆ.

ಪಿಡಿಎಫ್ ಇದೆಯಲ್ಲ, ಸಾಕು ಎನ್ನುವ ಲೇಖಕರಿಗೆ ಒಂದು ಎಚ್ಚರಿಕೆ. ಪಿಡಿಎಫ್‌ನಲ್ಲಿ ಉಳಿಯುವುದು ಆಕಾರಗಳು. ಯೂನಿಕೋಡಿನಲ್ಲೇ ಜೋಡಿಸಿದ ಪುಟದಿಂದ ಪಠ್ಯ ನಕಲಿಸಿದರೂ ಒತ್ತು, ಅರ್ಕಾವತ್ತುಗಳ ಕ್ರಮ ಕೆಟ್ಟು ಬರುವುದು ಸಾಮಾನ್ಯ. ಆಸ್ಕಿ ಫಾಂಟಿನ ಪಿಡಿಎಫ್‌ನಲ್ಲಿ ಮೂಲ ಮನೆಗಳ ಸಂಖ್ಯೆ ಉಳಿದಿದ್ದರೆ ಪರಿವರ್ತಕ ಓಡಿಸಬಹುದು, ಬಳಸದ ಆಕಾರಗಳನ್ನು ಫಾಂಟಿನಿಂದ ಕತ್ತರಿಸಿ ಸಂಖ್ಯೆ ಬದಲಿಸಿದ್ದರೆ ಟೆಸರಾಕ್ಟಿನಂಥ ಅಕ್ಷರ ಗುರುತಿಸುವ ತಂತ್ರಾಂಶವೇ ಗತಿ, ಆಮೇಲೆ ಪುಟಪುಟವೂ ಕರಡು ತಿದ್ದಬೇಕು. ಪುಸ್ತಕ ಅಚ್ಚಿಗೆ ಹೋಗುವ ದಿನವೇ ಪಿಡಿಎಫ್ ಜೊತೆಗೆ ಪೇಜ್‌ಮೇಕರ್ ಅಥವಾ ಇನ್‌ಡಿಸೈನ್ ಮೂಲ ಕಡತ, ಬಳಸಿದ ಫಾಂಟುಗಳು, ಅದರಿಂದ ತೆಗೆದ ಆರ್‌ಟಿಎಫ್ ಪ್ರತಿ ಮೂರನ್ನೂ ಅಂಗಡಿಯಿಂದ ಕೇಳಿ ಪಡೆಯಿರಿ. ಆರ್‌ಟಿಎಫ್ ಯಾಕೆಂದರೆ ಅದರಲ್ಲಿ ಫಾಂಟ್ ಹೆಸರು ಉಳಿದಿರುತ್ತದೆ, ಸಾದಾ ಪಠ್ಯದಲ್ಲಿ ಉಳಿಯುವುದಿಲ್ಲ.