ಹಾಡುಗಾರ ರಾಯಭಾರಿ ಆಗಿದ್ದು ಹೇಗೆ?

ಪ್ರಶ್ನೆ: ಶಾರ್ಲ್ ಅಜ್ನಾವೂರ್ ಫ್ರಾನ್ಸಿನ ಹಾಡುಗಾರ ಅಲ್ವಾ? ಅವರನ್ನು ಅರ್ಮೇನಿಯಾ ತನ್ನ ರಾಯಭಾರಿ ಯಾಕೆ ಮಾಡಿತು? ಸುಮ್ನೆ ಗೌರವಕ್ಕೆ ಕೊಟ್ಟ ಹುದ್ದೆಯಾ ಅದು?

ಉತ್ತರ: ಸುಮ್ನೆ ಕೊಟ್ಟಿದ್ದಲ್ಲ. 2009ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ಅರ್ಮೇನಿಯಾದ ರಾಯಭಾರಿಯಾದರು. ಜಿನೀವಾದ ವಿಶ್ವಸಂಸ್ಥೆ ಕಚೇರಿಯಲ್ಲಿ ಆ ದೇಶದ ಕಾಯಂ ಪ್ರತಿನಿಧಿಯೂ ಆದರು. ಆಗ ಅವರಿಗೆ 84 ವರ್ಷ. ಆದರೆ ಅರ್ಮೇನಿಯಾದ ಪರವಾಗಿ ಜಗತ್ತಿನ ಮುಂದೆ ನಿಂತು ಮಾತಾಡುವ ಕೆಲಸವನ್ನು ಅವರು ಅದಕ್ಕೂ 20 ವರ್ಷ ಮೊದಲೇ ಶುರು ಮಾಡಿದ್ದರು. ಆಗ ಅವರನ್ನು ಯಾರೂ ನೇಮಿಸಿರಲಿಲ್ಲ.

ಅಜ್ನಾವೂರ್ ಹುಟ್ಟಿದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ವಲಸೆ ಬಂದ ಅರ್ಮೇನಿಯನ್ನರು. ಅಮ್ಮನ ಕಡೆಯವರು 1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ನರಮೇಧಕ್ಕೆ ಸಿಕ್ಕಿ ನಲುಗಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಪ್ಯಾರಿಸ್ ಹಿಡಿದಾಗ, ನಾಜಿಗಳು ಹುಡುಕುತ್ತಿದ್ದ ಯಹೂದಿಗಳನ್ನೂ ಹೋರಾಟಗಾರರನ್ನೂ ಈ ಕುಟುಂಬ ತನ್ನ ಮನೆಯಲ್ಲಿ ಬಚ್ಚಿಟ್ಟಿತು. ನಾಜಿಗಳ ವಿರುದ್ಧ ಹೋರಾಡಿದ ಅರ್ಮೇನಿಯನ್ ಕವಿ ಮಿಸಾಕ್ ಮನೂಶಿಯನ್ ಕೂಡ ಅವರಿಗೆ ಆಪ್ತರು. ಅವರನ್ನು ನಾಜಿಗಳು 1944ರಲ್ಲಿ ಗುಂಡಿಟ್ಟು ಕೊಂದರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ತಾನು ಯಾರು ಅಂತ ಬೇರೆ ಹೇಳಿಕೊಡಬೇಕಿರಲಿಲ್ಲ.

ಹಾಡಿನ ಲೋಕದಲ್ಲಿ ಅವರು ಏರಿದ ಎತ್ತರ ಬಹಳ ಜನಕ್ಕೆ ಗೊತ್ತು. ಫ್ರಾನ್ಸಿನ ಹೆಸರಾಂತ ಗಾಯಕಿ ಎಡಿತ್ ಪಿಯಾಫ್ ಕೈಹಿಡಿದು ಮುಂದೆ ತಂದರು. ದನಿ ಚೆನ್ನಾಗಿಲ್ಲ, ಆಳು ಕುಳ್ಳ ಅಂತ ವಿಮರ್ಶಕರು ಮೊದಮೊದಲು ಹಳಿದರು. ಅವರು ಮಾತ್ರ ಬರೆಯುತ್ತಲೇ ಹೋದರು. ಕೊನೆಗೆ ಹಾಡುಗಳ ಲೆಕ್ಕ ಸಾವಿರ ದಾಟಿತು. ಅವರ ನಿಜವಾದ ಶಕ್ತಿ ಇದ್ದದ್ದು ಈ ಬರವಣಿಗೆಯಲ್ಲೇ ಅಂತ ನನ್ನ ನಂಬಿಕೆ.

1988ರ ಡಿಸೆಂಬರ್ 7ರಂದು ಅರ್ಮೇನಿಯಾದ ಉತ್ತರ ಭಾಗದಲ್ಲಿ ಭಾರಿ ಭೂಕಂಪವಾಯಿತು. ಸ್ಪಿತಾಕ್ ಪಟ್ಟಣ ನೆಲಸಮವಾಯಿತು. ಇಂದು ಗ್ಯೂಮ್ರಿ ಅಂತ ಕರೆಯುವ ಲೆನಿನಾಕಾನ್ ನಗರದ ಬಹುಭಾಗ ಕುಸಿಯಿತು. ಸುಮಾರು 25,000 ಜನ ಸತ್ತರು. ಕಟ್ಟಡಗಳು ಗಟ್ಟಿಯಾಗಿರಲಿಲ್ಲ, ಮೇಲಾಗಿ ಕೊರೆಯುವ ಚಳಿ. ಅರ್ಮೇನಿಯಾ ಆಗಿನ್ನೂ ಸೋವಿಯತ್ ಒಕ್ಕೂಟದ ಒಂದು ಭಾಗ. ಹೊರದೇಶಗಳಲ್ಲಿ ಅದರ ಪರವಾಗಿ ಮಾತಾಡಲು ಅದಕ್ಕೆ ತನ್ನದೇ ರಾಯಭಾರಿಗಳೇ ಇರಲಿಲ್ಲ.

ಆ ಜಾಗದಲ್ಲಿ ನಿಂತವರು ಅಜ್ನಾವೂರ್. ಪರಿಹಾರಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. 'ಪೂರ್ ತ್ವಾ ಅರ್ಮೆನಿ' (ನಿನಗಾಗಿ, ಅರ್ಮೇನಿಯಾ) ಎಂಬ ಹಾಡು ಬರೆದರು. ರಾಗ ಹಾಕಿದ್ದು ಅವರ ಅಕ್ಕ ಐದಾ ಅವರ ಗಂಡ, ಜಾರ್ಜ್ ಗರ್ವಾರೆಂಟ್ಸ್. ಫ್ರಾನ್ಸಿನ ಹತ್ತಾರು ಹೆಸರಾಂತ ಹಾಡುಗಾರರು ಬಂದು ದನಿಗೂಡಿಸಿದರು. 1989ರಲ್ಲಿ ಅದು ಫ್ರಾನ್ಸಿನಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಅದರಿಂದ ಬಂದ ಹಣ ಸಂತ್ರಸ್ತರಿಗೆ ಹೋಯಿತು. ಹಣಕ್ಕಿಂತ ಜಾಸ್ತಿ ಬೆಲೆಯದ್ದು ಇನ್ನೊಂದಿದೆ: ಅರ್ಮೇನಿಯಾ ಎಲ್ಲಿದೆ ಅಂತ ಗೊತ್ತಿಲ್ಲದವರ ಬಾಯಲ್ಲೂ ಆ ಹೆಸರು ಬಂತು.

1991ರಲ್ಲಿ ದೇಶ ಸ್ವತಂತ್ರವಾಯಿತು. 2004ರಲ್ಲಿ ಅವರಿಗೆ 'ರಾಷ್ಟ್ರವೀರ' ಬಿರುದು ಸಿಕ್ಕಿತು. 2008ರ ಕೊನೆಗೆ ಅರ್ಮೇನಿಯಾದ ಪೌರತ್ವ ಬಂತು. ಮರುವರ್ಷವೇ ರಾಯಭಾರಿ ಹುದ್ದೆ. ಸುಲಭದ ಕೆಲಸವಲ್ಲ ಅಂತ ಮೊದಲು ಹಿಂಜರಿದೆ ಎಂದು ಅವರೇ ಹೇಳಿದ್ದರು. ಅವರು ಸ್ವಿಟ್ಜರ್ಲೆಂಡಿನಲ್ಲಿ ಬಹಳ ವರ್ಷಗಳಿಂದ ನೆಲೆಸಿದ್ದವರು, ಹಾಗಾಗಿ ಊರು ಹೊಸದಲ್ಲ. ಅಲ್ಲದೆ ಅರ್ಮೇನಿಯಾ ಸುಮಾರು 30 ಲಕ್ಷ ಜನರ ಪುಟ್ಟ ದೇಶ. ಅದರ ದೊಡ್ಡ ಬಲ ಹೊರದೇಶಗಳಲ್ಲಿ ಹರಡಿರುವ ಅರ್ಮೇನಿಯನ್ನರು. ಅವರಲ್ಲಿ ಎಲ್ಲರಿಗೂ ಗೊತ್ತಿರುವ ಮುಖವನ್ನೇ ಆರಿಸಿದ್ದು ಸರಿಯಾದ ನಿರ್ಧಾರ.

ಹುದ್ದೆ ಬಂತು ಅಂತ ಹಾಡು ನಿಲ್ಲಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ, 94ನೇ ವಯಸ್ಸಿನಲ್ಲಿ, ಜಪಾನಿನ ಒಸಾಕಾದಲ್ಲಿ ಸಂಗೀತ ಕಛೇರಿ ಕೊಟ್ಟರು. ಅಕ್ಟೋಬರ್ 1ರಂದು ತೀರಿಕೊಂಡರು. ಪ್ಯಾರಿಸ್‌ನಲ್ಲಿ ನಡೆದ ರಾಷ್ಟ್ರೀಯ ಗೌರವಕ್ಕೆ ಫ್ರಾನ್ಸಿನ ಅಧ್ಯಕ್ಷರ ಜೊತೆ ಅರ್ಮೇನಿಯಾದ ಪ್ರಧಾನಿಯೂ ಬಂದಿದ್ದರು.

ಅವರನ್ನು ಕೇಳಲು ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನಾನು ಹೇಳುವುದು 'ಇಲ್ ಸೋಂ ತೋಂಬೇ' (ಅವರು ಬಿದ್ದರು). 1915ರಲ್ಲಿ ಸತ್ತವರ ಬಗ್ಗೆ ಅವರು 1970ರ ದಶಕದಲ್ಲಿ ಬರೆದ ಹಾಡದು. ಪ್ರೇಮಗೀತೆಗಳನ್ನು ಆಮೇಲೆ ಕೇಳಿ.